ಉಪ್ಪು ಹಾಕಿದ ಐಸು

“ಐಸಿಗೆ ಉಪ್ಪು ಹಾಕಿ ತಂದೆ. ಭಟ್ಕಳದಿಂದ ಮಣಿಪಾಲದವರೆಗೆ ಒಂದಿಷ್ಟೂ ಬಿಸಿ ತಾಗಲು ಬಿಡಲಿಲ್ಲ. ನನ್ನ ಕಡೆಯಿಂದ ಎಂತದೂ ಕಡಿಮೆ ಆಗಲಿಲ್ಲ.”

ನನ್ನ ಭಾವ ಗಣಪ ಈ ಮಾತನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಕಾಪು ಪೇಟೆಯ ಕ್ಷೌರದಂಗಡಿಯಲ್ಲಿ ಹೇಳಿದರು, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳಿದರು, ನನ್ನ ಅಕ್ಕನ ಉತ್ತರಕ್ರಿಯೆಗೆ, ಬೊಜ್ಜದ ದಿನ ಊಟಕ್ಕೆ ಕುಳಿತ ನೆಂಟರಿಗೆ ಸಾಲು ಹಿಡಿದು ಹೇಳಿದರು. ಮಾತಾಡುವುದಿಲ್ಲವೆಂದು ದೇವರಿಗೆ ಹರಕೆ ಹೇಳಿಕೊಂಡವರ ಹಾಗಿದ್ದ ಮನುಷ್ಯ, ಹೆಂಡತಿ ಸತ್ತ ಮೇಲೆ ಕಲಿತದ್ದು ಇದೊಂದೇ ಮಾತು. ಕೇಳಿದಾಗೆಲ್ಲ ನನ್ನ ಮೈ ಉರಿಯುತ್ತಿತ್ತು. ಆ ಉಪ್ಪೇ ನನ್ನ ಅಕ್ಕನ ಮದ್ದನ್ನು ಕೊಂದದ್ದೆಂದು ನನಗೆ ಗೊತ್ತಿತ್ತು. ಅದನ್ನು ಹೇಳಿದರೆ ಈ ಮನುಷ್ಯ ಬದುಕಿ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು.

ನಾನು ಶರ್ಮಿಳಾ, ವಾರಿಜಕ್ಕನ ತಂಗಿ. ಕಡಲ ಬದಿಯಲ್ಲಿ ಹುಟ್ಟಿದ ನನ್ನನ್ನು ಕಾರ್ಕಳದ ಕುಕ್ಕುಂದೂರಿಗೆ ಮದುವೆ ಮಾಡಿ ಕೊಟ್ಟರು. ತಾಜಾ ಮೀನು ಸಿಗದ ಊರಿಗೆ ನನ್ನನ್ನು ತಳ್ಳಿದರೆಂದು ಇವತ್ತಿಗೂ ಮನೆಯವರನ್ನು ಬೈಯುತ್ತೇನೆ. ಅಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ನನ್ನ ಕತ್ತರಿಗಿಂತ ನನ್ನ ನಾಲಿಗೆ ಹರಿತ ಎಂದು ಗಿರಾಕಿಗಳು ಹೇಳುವುದು ಸುಳ್ಳಲ್ಲ. ಅಂಥವಳು ಒಂದು ಮಾತನ್ನು ಒಂದು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡೆ ಎಂದರೆ ನನ್ನ ಪಾಡು ಏನಾಗಿರಬೇಕು ನೋಡಿ. ಬಿಸಿ ತುಪ್ಪ, ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು.

ಭಾವನ ಆಯುಷ್ಯವೆಲ್ಲ ಕಳೆದದ್ದು ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ. ಅಲ್ಲಿ ಐಸು ಆಗುವ ಕ್ರಮವನ್ನು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ದೊಡ್ಡ ತೊಟ್ಟಿಯ ತುಂಬ ಗಟ್ಟಿ ಉಪ್ಪುನೀರು. ಅದು ಎಷ್ಟು ತಣ್ಣಗಾದರೂ ಹೆಪ್ಪುಗಟ್ಟುವುದಿಲ್ಲ. ಅದರೊಳಗೆ ಸಿಹಿನೀರು ತುಂಬಿದ ತಗಡಿನ ಡಬ್ಬಗಳನ್ನು ಇಳಿಸಿ ಇಡುತ್ತಾರೆ. ಉಪ್ಪುನೀರಿನ ತಂಪಿಗೆ ಸಿಹಿನೀರು ಕಲ್ಲಾಗುತ್ತದೆ. ಆ ಕಲ್ಲನ್ನು ಎತ್ತಿ, ಪುಡಿ ಮಾಡಿ, ಬೋಟುಗಳಿಗೆ ಮತ್ತು ಮೀನಿನ ಲಾರಿಗಳಿಗೆ ತುಂಬಿಸಬೇಕು. ಯಂತ್ರದ ಗದ್ದಲಕ್ಕೆ ಭಾವನ ಕಿವಿ ಅರ್ಧ ಹೋಯಿತು. ಐಸು ಹಿಡಿದು ಹಿಡಿದು ಬೆರಳುಗಳಿಗೆ ತಂಪು ತಿಳಿಯದೇ ಹೋಯಿತು. “ನಿಮ್ಮ ಕೈಯೋ, ನಿನ್ನೆಯ ಬಂಗುಡೆಯೋ!” ಎಂದು ಅಕ್ಕ ನಗುತ್ತಿದ್ದಳು. ಅಕ್ಕನಿಗೆ ಬಾಯಿ ತುಂಬ ಮಾತು. ಭಾವನಿಗೆ ಅದರಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ, ಕೇಳಿಸಿದ ಅರ್ಧಕ್ಕೆ ಅವರು ತಲೆ ಆಡಿಸುತ್ತಿದ್ದರು. ಮಕ್ಕಳಿರಲಿಲ್ಲ. ಕಾಪುವಿನ ಆ ಸಣ್ಣ ಮನೆಯಲ್ಲಿ ಮಾತೆಂದು ಇದ್ದದ್ದು ಅವಳದ್ದು ಮಾತ್ರ.

ನಿಜ ಹೇಳುತ್ತೇನೆ, ನನಗೆ ಭಾವನೆಂದರೆ ಅಷ್ಟಕ್ಕಷ್ಟೇ ಇತ್ತು. ಇಂಥ ಕಲ್ಲಿನ ಜತೆ ಅಕ್ಕ ಹೇಗೆ ಸಂಸಾರ ಮಾಡುತ್ತಾಳಪ್ಪಾ ಎಂದುಕೊಳ್ಳುತ್ತಿದ್ದೆ. ಅಕ್ಕನ ಕಿಡ್ನಿ ಕೈಕೊಟ್ಟ ಮೇಲೆ ಮಾತ್ರ ಈ ಕಲ್ಲಿನ ಬೆಲೆ ತಿಳಿಯಿತು. ಡಯಾಲಿಸಿಸ್ ಇದ್ದ ದಿನ ಭಾವ ಪ್ಲಾಂಟಿಗೆ ರಜೆ ಹಾಕಿ, ಅವಳನ್ನು ಬಸ್ಸಿನ ಕಿಟಕಿ ಬದಿಗೆ ಕೂರಿಸಿ ಕರೆದುಕೊಂಡು ಹೋಗುವರು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ಸಲವೂ ಗೊಣಗಲಿಲ್ಲ.

ಕಳೆದ ವರ್ಷ ನಾಗರಪಂಚಮಿ ಆದ ಮೇಲೆ ಅಕ್ಕನಿಗೆ ನಡುಕ ಜ್ವರ ಬಂತು. ಡಯಾಲಿಸಿಸ್‌ಗೆಂದು ಕುತ್ತಿಗೆಯಲ್ಲಿ ಇಟ್ಟಿದ್ದ ನಳಿಗೆಯ ದಾರಿಯಿಂದ ಕ್ರಿಮಿ ರಕ್ತಕ್ಕೆ ಇಳಿದಿತ್ತು. ಮಣಿಪಾಲದಲ್ಲಿ ಐಸಿಯುಗೆ ಹಾಕಿದರು. ನಳಿಗೆ ತೆಗೆದರು, ಬೇರೆ ಇಟ್ಟರು, ಆಂಟಿಬಯೋಟಿಕ್ ಒಂದಾದ ಮೇಲೊಂದು ಏರಿಸಿದರು. ಯಾವುದಕ್ಕೂ ಅದು ಬಗ್ಗಲಿಲ್ಲ. ನೆಂಟರು ಮೊದಲು ಬಂದರು, ಆಮೇಲೆ ಫೋನು ಮಾಡಿದರು, ಆಮೇಲೆ ಅದೂ ನಿಂತಿತು. ‘ಯಾವ ಮದ್ದಿಗೂ ಸಾಯದ ಕ್ರಿಮಿಯಂತೆ’ ಎಂದು ಸುದ್ದಿಯಾದ ಮೇಲೆ ಯಾರು ಬರುತ್ತಾರೆ? ಐಸಿಯು ಹೊರಗಿನ ಬೆಂಚಿನ ತುದಿಯಲ್ಲಿ ಭಾವ ಒಬ್ಬರೇ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದರು. ಮೈಕಿನಲ್ಲಿ ಹೆಸರು ಕರೆದರೆ ಅವರಿಗೆ ಕೇಳಿಸದು. ಅದಕ್ಕೆ ಬಾಗಿಲು ಅಲುಗಿದಾಗೆಲ್ಲ ಎದ್ದು ನಿಲ್ಲುವರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಗ ಡಾಕ್ಟರ್ ಚೈತನ್ಯಾ ನಮ್ಮನ್ನು ಕರೆದು ಕೂರಿಸಿದರು. ಸಣ್ಣ ಪ್ರಾಯದವರು, ಮಾತಿನಲ್ಲಿ ಅವಸರ ಇಲ್ಲ. “ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್ ಉಂಟು, ಫೇಜ್ ಅಂತ ಹೇಳ್ತೇವೆ. ಮನುಷ್ಯರಿಗೆ ಅದು ಎಂತ ಮಾಡುವುದಿಲ್ಲ. ಒಂದೊಂದು ಫೇಜ್ ಒಂದೊಂದು ಕ್ರಿಮಿಯನ್ನು ಮಾತ್ರ ಹಿಡಿಯುವುದು. ಇದು ಎಲ್ಲ ಕಡೆ ಬಳಕೆಗೆ ಬಂದ ಮದ್ದಲ್ಲ. ಬೇರೆ ದಾರಿ ಇಲ್ಲದಾಗ ಅನುಮತಿ ತಗೊಂಡು ಕೊಡುವುದು. ಗುಣ ಆಗಿಯೇ ಆಗ್ತದೆ ಅಂತ ನಾನು ಮಾತು ಕೊಡುವುದಿಲ್ಲ.”

“ಅದು ಎಲ್ಲಿ ಸಿಗ್ತದೆ ಮೇಡಂ?” ಎಂದು ನಾನು ಕೇಳಿದೆ.

“ಆ ಕ್ರಿಮಿ ಇರುವಲ್ಲೇ. ಹೆಚ್ಚಾಗಿ ಚರಂಡಿ ನೀರಿನಲ್ಲಿ.”

“ಅಯ್ಯೋ ದೇವರೇ! ಚರಂಡಿ ನೀರನ್ನು ಅಕ್ಕನ ರಕ್ತಕ್ಕೆ ಹಾಕುವುದಾ?”

ಅವರು ನಕ್ಕರು. “ಚರಂಡಿಯಿಂದ ಹುಡುಕಿ, ತೊಳೆದು ಸೋಸಿ, ಶುದ್ಧ ಮಾಡಿಯೇ ಕೊಡುವುದು ಅಮ್ಮ.”

ಭಾವ ಅಷ್ಟು ಹೊತ್ತೂ ಡಾಕ್ಟರ ತುಟಿಯನ್ನೇ ನೋಡುತ್ತಿದ್ದವರು, “ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು. ಕೊಡಿ ಮೇಡಂ” ಎಂದರು.

ಅಕ್ಕನ ರಕ್ತದ ಕ್ರಿಮಿಯನ್ನು ಉತ್ತರದ ಕಡೆಯ ಒಂದು ಲ್ಯಾಬಿಗೆ ಕಳಿಸಿದರು. ಅವರಲ್ಲಿದ್ದ ಫೇಜುಗಳಲ್ಲಿ ಒಂದು ಇದಕ್ಕೆ ಸರಿಹೊಂದಿತು. ಸಣ್ಣ ಬಾಟಲಿಗಳಲ್ಲಿ ತುಂಬಿಸಿ, ತಂಪು ಪೆಟ್ಟಿಗೆಯಲ್ಲಿಟ್ಟು, ಅವರ ಕಡೆಯವನೊಬ್ಬ ಕೊಂಕಣ ರೈಲಿನಲ್ಲಿ ತಂದ. ಉಡುಪಿ ಸ್ಟೇಷನ್ನಿನಲ್ಲಿ ತೆಗೆದುಕೊಂಡರೆ ಮುಗಿಯಿತು ಎಂದು ನಾವು ಕಾದಿದ್ದೆವು. ನಮ್ಮ ಹಣೆಬರಹ! ಬೈಂದೂರಿನ ಹತ್ತಿರ ಗುಡ್ಡ ಜರಿದು ಹಳಿಯ ಮೇಲೆ ಬಿತ್ತು. ರೈಲು ಭಟ್ಕಳದಲ್ಲೇ ನಿಂತಿತು. ಪೆಟ್ಟಿಗೆಯೊಳಗಿನ ತಂಪಿನ ಚೀಲಗಳು ನೀರಾಗುತ್ತಿವೆ ಎಂದು ಆ ಮನುಷ್ಯ ಫೋನು ಮಾಡಿದ. ಡಾಕ್ಟರು ಭಾವನಿಗೆ ಹೇಳಿದ್ದು ಇಷ್ಟು: “ಐಸ್ ತಗೊಂಡು ಹೋಗಿ. ದಾರಿಯಲ್ಲಿ ಬಿಸಿ ಆಗಬಾರದು.”

ಐಸ್ ಪ್ಲಾಂಟಿನವನಿಗೆ ಐಸಿನ ಪಾಠ ಬೇಕೆಂದು ಯಾರಿಗೆ ತೋಚೀತು? ಭಾವ ಎದ್ದು ನಿಂತ ರೀತಿಯನ್ನು ನಾನು ಮರೆಯುವುದಿಲ್ಲ. ಅಷ್ಟು ದಿನ ಬೆಂಚಿನ ತುದಿಯಲ್ಲಿ ಕುಳಿತು ಏನೂ ಮಾಡಲಾಗದಿದ್ದ ಮನುಷ್ಯನಿಗೆ ಕೊನೆಗೂ ತನ್ನ ಕೈಯಿಂದ ಆಗುವ ಕೆಲಸವೊಂದು ಸಿಕ್ಕಿತ್ತು. ಮಲ್ಪೆಗೆ ಓಡಿದರು. ಪರಿಚಯದ ರೋಶನ್‌ನ ಮೀನಿನ ವ್ಯಾನು ಹಿಡಿದು, ಪುಡಿ ಐಸು ತುಂಬಿಸಿಕೊಂಡು ಭಟ್ಕಳಕ್ಕೆ ಹೋದರು. ಬರುವಾಗ ಹೆದ್ದಾರಿಯಲ್ಲಿ ಲಾರಿಗಳ ಸಾಲು. ಐಸು ಕರಗುವುದನ್ನು ಕಂಡು ಭಾವ, ದೂರದ ಊರಿಗೆ ಅಂಜಲ್ ಮೀನು ಕಳಿಸುವಾಗ ಮಾಡುವ ಹಾಗೆಯೇ ಮಾಡಿದರು. ಒಂದು ಪದರ ಐಸು, ಒಂದು ಹಿಡಿ ಕಲ್ಲುಪ್ಪು, ನಡುವೆ ಬಾಟಲಿಗಳು, ಮತ್ತೆ ಐಸು, ಮತ್ತೆ ಉಪ್ಪು, ಮೇಲೆ ಒದ್ದೆ ಗೋಣಿ. ಉಪ್ಪು ಬಿದ್ದರೆ ಐಸು ಕಚ್ಚುತ್ತದೆ. ಬರೀ ಐಸಿಗಿಂತ ಎಷ್ಟೋ ಪಾಲು ತಂಪು ಏರುತ್ತದೆ. ಮೀನಿಗೆ ಅದಕ್ಕಿಂತ ಒಳ್ಳೆಯ ಮರ್ಯಾದೆ ಇಲ್ಲ.

ಸಾಯಂಕಾಲ ಪೆಟ್ಟಿಗೆ ಮಣಿಪಾಲದ ಲ್ಯಾಬಿಗೆ ಬಂತು. ಡಾಕ್ಟರು ಮುಚ್ಚಳ ತೆಗೆದರು. ಬಾಟಲಿಗಳ ನೀರು ಕಲ್ಲಾಗಿತ್ತು. ಒಂದು ಬಾಟಲಿ ಒಡೆದೂ ಇತ್ತು. ಅವರ ಮುಖ ಬಿಳಿಚಿದ್ದನ್ನು ನಾನು ನೋಡಿದೆ. ಭಾವ ಬಾಗಿಲ ಹತ್ತಿರ ನೀರಿಳಿಯುವ ಗೋಣಿ ಹಿಡಿದುಕೊಂಡು ನಿಂತಿದ್ದರು. ಡಾಕ್ಟರು ಅವರತ್ತ ತಿರುಗಿ, “ಸರಿ ಉಂಟು, ನೀವು ಹೋಗಿ ಚಹಾ ಕುಡಿದು ಬನ್ನಿ” ಎಂದರು. ಅವರು ಹೋದ ಮೇಲೆ ನನಗೆ ಹೇಳಿದರು. ಫೇಜಿಗೆ ಫ್ರಿಜ್ಜಿನ ತಂಪು ಸಾಕು, ಹೆಪ್ಪುಗಟ್ಟಿದರೆ ಹೆಚ್ಚಿನವು ಸಾಯುತ್ತವೆ ಎಂದು. “ತಪ್ಪು ನನ್ನದೂ ಉಂಟು. ಐಸು ಅಂತ ಮಾತ್ರ ಹೇಳಿದೆ, ಹೆಪ್ಪುಗಟ್ಟಬಾರದು ಅಂತ ಹೇಳಲಿಲ್ಲ. ಅವರಿಗೆ ಈಗ ಹೇಳುವುದು ಬೇಡ ಶರ್ಮಿಳಾ.”

ನನಗೆ ಭಾವನ ಕೊರಳ ಪಟ್ಟಿ ಹಿಡಿದು ಕೇಳಬೇಕೆನಿಸಿತು. ಮದ್ದೇನು ಮೀನಾ ಮಾರಾಯ್ರೆ, ಉಪ್ಪು ಹಾಕಲು? ಆದರೆ ಚಹಾ ಕುಡಿಯದೇ ಹಿಂದೆ ಬಂದು, “ಆಯ್ತಾ? ಹಾಕಿದರಾ?” ಎಂದು ಕೇಳಿದ ಆ ಮುಖಕ್ಕೆ ಏನು ಹೇಳುವುದು? “ನಾಳೆ ಹಾಕ್ತಾರಂತೆ ಭಾವ” ಎಂದೆ.

ಮರುದಿನ ಡಾಕ್ಟರು ನನಗೊಂದು ಗಾಜಿನ ತಟ್ಟೆ ತೋರಿಸಿದರು. ಅದರ ತುಂಬ ಅಕ್ಕನ ರಕ್ತದ ಕ್ರಿಮಿಯನ್ನು ತೆಳುವಾಗಿ ಬೆಳೆಸಿದ್ದರು. ಮದ್ದು ಬದುಕಿದ್ದರೆ ಅದು ಬಿದ್ದಲ್ಲೆಲ್ಲ ನೀರುದೋಸೆಯಲ್ಲಿ ಬಿದ್ದ ಹಾಗೆ ತೂತುಗಳು ಬೀಳಬೇಕು. ನಮ್ಮ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕಂಡಿತು. “ಒಂದಾದರೂ ಉಳಿದಿದೆಯಲ್ಲ. ಆ ಕ್ರಿಮಿಯನ್ನೇ ತಿನ್ನಿಸಿದರೆ ಇದು ಒಂದಕ್ಕೆ ನೂರಾಗಿ ಬೆಳೀತದೆ. ಬೆಳೆಸಿ, ಶುದ್ಧ ಮಾಡಿ ಕೊಡುವ. ಸ್ವಲ್ಪ ದಿನ ಬೇಕು” ಎಂದರು ಡಾಕ್ಟರು.

ನಮ್ಮ ಹತ್ತಿರ ಇಲ್ಲದ್ದು ಆ ದಿನಗಳೇ. ಅವರು ಊಟ ನಿದ್ದೆ ಬಿಟ್ಟು ಬೆಳೆಸಿದರು, ನಾನು ಕಣ್ಣಾರೆ ಕಂಡಿದ್ದೇನೆ. ಈ ಕಡೆ ಅಕ್ಕ ದಿನದಿಂದ ದಿನಕ್ಕೆ ಇಳಿದಳು. ಕೊನೆಗೆ ಮದ್ದು ಏರಿಸಿದಾಗ ಜ್ವರ ಬಿಟ್ಟಿತು, ಸುಳ್ಳಲ್ಲ. ಅಕ್ಕ ಕಣ್ಣು ಬಿಟ್ಟಳು. ಹಸಿರು ಗೌನು ಹಾಕಿಸಿಕೊಂಡು ಒಳಗೆ ಹೋಗಿದ್ದ ಭಾವನನ್ನು ನೋಡಿ, “ಎಂತ ಇದು, ನಿಮಗೆ ಅಂಗಿ ಹೊಲಿಯಲು ಬೇರೆ ಬಟ್ಟೆ ಸಿಗಲಿಲ್ಲವಾ ಶರ್ಮಿಳಾಳಿಗೆ?” ಎಂದು ಕೇಳಿದಳು. ಆಮೇಲೆ, “ಹಣೆಯ ಮೇಲೆ ಕೈ ಇಡಿ. ನಿಮ್ಮ ಕೈ ತಣ್ಣಗೆ ಉಂಟಲ್ವಾ, ಹಿತ ಆಗ್ತದೆ” ಎಂದಳು. ಭಾವ ಕೈ ಇಟ್ಟುಕೊಂಡು, ಹೊರಗೆ ಹೋಗಿ ಎಂದು ನರ್ಸ್ ಹೇಳುವ ತನಕ ನಿಂತಿದ್ದರು. ಮಾರನೆಯ ದಿನ ಅಕ್ಕನ ಹೃದಯ ನಿಂತಿತು. ಅಷ್ಟು ದಿನದ ಜ್ವರಕ್ಕೆ ಅದು ಬಳಲಿ ಹೋಗಿತ್ತು ಎಂದರು.

ಕೊನೆಯ ರಕ್ತದ ರಿಪೋರ್ಟು ಬಂದದ್ದು ಅಕ್ಕನನ್ನು ಸುಟ್ಟು ಬಂದ ಮೇಲೆ. ಡಾಕ್ಟರು ಫೋನು ಮಾಡಿದರು. ರಕ್ತದಲ್ಲಿ ಕ್ರಿಮಿ ಇರಲಿಲ್ಲ. ಮದ್ದು ಕೆಲಸ ಮಾಡಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೋನು ಇಟ್ಟು ನಾನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತೆ. ಮೊದಲೇ ಕೊಟ್ಟಿದ್ದರೆ ಉಳಿಯುತ್ತಿದ್ದಳಾ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಡಾಕ್ಟರು, “ಹೇಳಲಿಕ್ಕೆ ಆಗುವುದಿಲ್ಲ” ಎಂದರು. ನನ್ನ ಮನಸ್ಸು ಮಾತ್ರ, ಉಳಿಯುತ್ತಿದ್ದಳು ಎಂದೇ ಹೇಳುತ್ತಿತ್ತು.

ಬೊಜ್ಜದ ದಿನ ಭಾವ ಆ ಮಾತು ಶುರು ಮಾಡಿದರು. ಐಸಿಗೆ ಉಪ್ಪು ಹಾಕಿ ತಂದೆ ಎಂದು. ನನ್ನ ಕೈಯಲ್ಲಿ ಪಾಯಸದ ಸೌಟು ಇತ್ತು. ಎಲ್ಲರೆದುರೇ ಹೇಳಿಬಿಡುವಷ್ಟು ಕೋಪ ಬಂತು. ಅವರ ಮುಖ ನೋಡಿದೆ. ಆ ಮುಖದಲ್ಲಿ ಬೇರೇನೂ ಉಳಿದಿರಲಿಲ್ಲ, ಆ ಮಾತೊಂದೇ ಇತ್ತು. ಅದನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ? ಪಾಯಸ ಬಡಿಸಿಕೊಂಡು ಮುಂದೆ ಹೋದೆ.

ಆಮೇಲೆ ಪ್ರತಿ ಭಾನುವಾರ ನಾನು ಕಾಪುವಿಗೆ ಹೋಗತೊಡಗಿದೆ. ಕೋಪದಿಂದಲೇ ಹೋದೆ, ಸುಳ್ಳೇಕೆ? ಗಂಜಿ, ಚಟ್ನಿ, ಒಣಮೀನು ತಿಂದುಕೊಂಡೇ ದಿನ ದೂಡುವ ಮನುಷ್ಯನಿಗೆ ಒಂದು ಸಾರು ಮಾಡಿ ಇಟ್ಟು ಬರುತ್ತಿದ್ದೆ. ಅಕ್ಕನ ಧ್ವನಿ ಇಲ್ಲದ ಆ ಮನೆಯಲ್ಲಿ ಕಡಲಿನ ಸದ್ದು ನನಗೆ ಕೇಳಿಸುತ್ತಿತ್ತು, ಅವರಿಗೆ ಅದೂ ಕೇಳಿಸುತ್ತಿರಲಿಲ್ಲ. ಟಿವಿಯನ್ನು ಸದ್ದಿಲ್ಲದೆ ಹಾಕಿಕೊಂಡು ಕುಳಿತಿರುತ್ತಿದ್ದರು. ಬಾ ಎಂದು ಒಂದು ದಿನ ಹೇಳಿದವರಲ್ಲ, ಹೋಗಬೇಡ ಎಂದವರೂ ಅಲ್ಲ. ಆದರೆ ನಾನು ಹೋಗುವ ಹೊತ್ತಿಗೆ ಗೇಟು ತೆರೆದಿರುತ್ತಿತ್ತು.

ಅವರಿಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಹೊಸ ಫೇಜು ಹುಡುಕಲು ಬೇರೆ ಬೇರೆ ಕಡೆಯ ಕೊಳಕು ನೀರು ಬೇಕೆಂದು ಡಾಕ್ಟರು ಒಮ್ಮೆ ಹೇಳಿದ್ದರಂತೆ. ಅಂದಿನಿಂದ ಭಾವ ಮಲ್ಪೆ ಬಂದರಿನ ಚರಂಡಿಯ ನೀರನ್ನು ಬಾಟಲಿಗಳಲ್ಲಿ ತುಂಬಿಸಿಕೊಂಡು ಆಗಾಗ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಕೊಟ್ಟು ಬರುತ್ತಿದ್ದರು. ಕೊಟ್ಟ ಮೇಲೆ ಐಸಿಯು ಹೊರಗಿನ ಬೆಂಚಿನ ತುದಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದರಂತೆ. ಅಲ್ಲಿ ಯಾರೂ ಇವರನ್ನು ಏಕೆ ಕುಳಿತಿರಿ ಎಂದು ಕೇಳುವುದಿಲ್ಲ.

ಈ ವರ್ಷ ಚೌತಿ ಕಳೆದ ಮೇಲೆ, ಕುಕ್ಕುಂದೂರಿನ ನಮ್ಮ ಪಕ್ಕದ ಮನೆಯ ಸುಕೇಶನ ಹೆಂಡತಿ ತೃಷಾಳಿಗೆ ಹೆರಿಗೆಯಾದ ಬೆನ್ನಿಗೇ ರಕ್ತಕ್ಕೆ ನಂಜೇರಿತು. ಅದೇ ಜಾತಿಯ ಕ್ರಿಮಿ. ಮಣಿಪಾಲಕ್ಕೆ ಸಾಗಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕಾರ್ಕಳದ ಆಸ್ಪತ್ರೆಯವರು ಮಣಿಪಾಲದ ಲ್ಯಾಬಿಗೆ ಫೋನು ಮಾಡಿ, ಅವಳ ರಕ್ತದ ಕ್ರಿಮಿಯನ್ನು ಅಲ್ಲಿಗೆ ಕಳಿಸಿದರು. ಅಕ್ಕನ ಕ್ರಿಮಿಯ ಮೇಲೆ ಬೆಳೆಸಿದ ಅದೇ ಫೇಜು ಅಲ್ಲಿನ ಫ್ರಿಜ್ಜಿನಲ್ಲಿ ಇತ್ತು, ಪರೀಕ್ಷೆ ಮಾಡಿದಾಗ ಅದು ತೃಷಾಳದ್ದನ್ನೂ ಹಿಡಿಯಿತು. ಮದ್ದು ತರಲು ಸುಕೇಶ ಒಬ್ಬನೇ ಕಾರಿನಲ್ಲಿ ಹೊರಟಿದ್ದ, ಅದಕ್ಕೆ ಜತೆಗೆ ನಾನೂ ಹೋದೆ.

ಲ್ಯಾಬಿನಲ್ಲಿ ಡಾಕ್ಟರ್ ಚೈತನ್ಯಾ ಇರಲಿಲ್ಲ, ಯಾವುದೋ ಸಭೆಗೆ ದೂರ ಹೋಗಿದ್ದರು. ಹೊಸದಾಗಿ ಸೇರಿದ ಶಾರ್ಲೆಟ್ ಎಂಬ ಹುಡುಗಿ ಇದ್ದಳು. ಮೂಲೆಯ ಸ್ಟೂಲಿನ ಮೇಲೆ ಭಾವ! ಕಾಲ ಬಳಿ ಚರಂಡಿ ನೀರಿನ ಚೀಲ. ನನ್ನನ್ನು ಕಂಡು ತಲೆ ಆಡಿಸಿದರು.

“ನಮ್ಮ ತಂಪು ಪೆಟ್ಟಿಗೆ ಹೊರಗೆ ಹೋಗಿದೆ. ಸಾಯಂಕಾಲ ಬರ್ತದೆ, ಕಾಯ್ತೀರಾ?” ಎಂದಳು ಶಾರ್ಲೆಟ್.

“ಕಾಯಲಿಕ್ಕೆ ಆಗುವುದಿಲ್ಲ. ನಾನು ತಂದಿದ್ದೇನೆ” ಎಂದು ಸುಕೇಶ ಡಿಕ್ಕಿಯಿಂದ ಥರ್ಮಕೋಲ್ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಭಾವನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದ: “ಗಣಪಣ್ಣ, ಬೊಜ್ಜದ ದಿನ ನೀವು ಹೇಳಿದ್ದಿರಲ್ವಾ, ಹಾಗೆಯೇ ಮಾಡಿದ್ದೇನೆ. ಐಸಿಗೆ ಉಪ್ಪು ಹಾಕಿಯೇ ತಂದಿದ್ದೇನೆ.”

ಶಾರ್ಲೆಟ್ ಬಾಟಲಿ ತರಲು ಆಚೆ ಕೋಣೆಗೆ ಹೋಗಿದ್ದಳು. ಈಗ ನಾನು ಬಾಯಿ ಬಿಡಲೇಬೇಕು. ಬಿಟ್ಟರೆ ಭಾವ ಸತ್ತ ಹಾಗೆ, ಬಿಡದಿದ್ದರೆ ತೃಷಾ. “ಭಾವ...” ಎಂದೆ.

ಭಾವ ಎದ್ದರು. ಪೆಟ್ಟಿಗೆಯನ್ನು ಎತ್ತಿ ಸಿಂಕಿಗೆ ಬಗ್ಗಿಸಿದರು. ಐಸು, ಉಪ್ಪು ಎಲ್ಲ ಹೋಯಿತು. ಪೆಟ್ಟಿಗೆಯನ್ನು ಎರಡೆರಡು ಸಲ ತೊಳೆದರು.

“ಗಣಪಣ್ಣ, ಎಂತ ಮಾಡ್ತಾ ಇದ್ದೀರಿ!” ಎಂದು ಸುಕೇಶ ಕೂಗಿದ.

“ಉಪ್ಪು ಬೇಡ. ಉಪ್ಪು ಹಾಕಿದರೆ ಬಾಟಲಿ ಗಟ್ಟಿ ಆಗ್ತದೆ. ಗಟ್ಟಿ ಆದರೆ ಇದು ಸಾಯ್ತದೆ” ಎಂದರು ಭಾವ. ಅವರು ಸುಕೇಶನಿಗೆ ಹೇಳುತ್ತಿದ್ದರು, ನೋಡುತ್ತಿದ್ದದ್ದು ನೆಲವನ್ನು. “ನಾನು ಹಾಕಿದ್ದೆ. ಅವಳ ಮದ್ದು ಹಾಗೆಯೇ ಸತ್ತದ್ದು.”

ಕ್ಯಾಂಟೀನಿನಿಂದ ಬೇರೆ ಐಸು ತರಿಸಿದರು. ತಳದಲ್ಲಿ ಅದನ್ನು ಹಾಸಿ, ಮೇಲೆ ತಮ್ಮ ಹೆಗಲಿನ ವಸ್ತ್ರ, ಬೈರಾಸನ್ನು ಮಡಚಿ ಇಟ್ಟರು. ಶಾರ್ಲೆಟ್ ತಂದ ಬಾಟಲಿಗಳನ್ನು ಐಸಿಗೆ ತಾಗದ ಹಾಗೆ ಬೈರಾಸಿನ ಮೇಲೆ ಕೂರಿಸಿದರು. ಆಮೇಲೆ ನನ್ನನ್ನು ಕರೆದು, “ಇಲ್ಲಿ ಕೈ ಹಾಕಿ ನೋಡು. ತಣ್ಣಗೆ ಉಂಟಾ, ಕಚ್ಚುತ್ತದಾ? ನನಗೆ ತಿಳಿಯುವುದಿಲ್ಲ” ಎಂದರು. ನಾನು ಕೈ ಹಾಕಿದೆ. “ಕಚ್ಚುವುದಿಲ್ಲ ಭಾವ” ಎಂದೆ. ಸುಕೇಶ ಪೆಟ್ಟಿಗೆ ಹಿಡಿದು ಕಾರ್ಕಳಕ್ಕೆ ಓಡಿದ. ತೃಷಾ ಈಗ ಮನೆಗೆ ಬಂದು ಮಗುವಿಗೆ ಹಾಲೂಡಿಸುತ್ತಿದ್ದಾಳೆ.

ನಾನು ಆ ಕಾರಿನಲ್ಲಿ ಹೋಗಲಿಲ್ಲ. ಭಾವನ ಜತೆ ಉಡುಪಿಗೆ ಬಂದು ಕಾಪುವಿನ ಬಸ್ಸು ಹತ್ತಿದೆ. ಅವರು ನನ್ನನ್ನು ಕಿಟಕಿ ಬದಿಗೆ ಕೂರಿಸಿದರು. ಬಸ್ಸು ಉದ್ಯಾವರದ ಸೇತುವೆ ದಾಟಿತು.

“ಡಾಕ್ಟ್ರು ಪೆಟ್ಟಿಗೆ ತೆಗೆದಾಗ ನಾನು ಬಾಗಿಲಲ್ಲೇ ಇದ್ದೆ ಅಲ್ವಾ. ಅವರ ಮುಖ ಕಂಡೆ” ಎಂದರು ಭಾವ. “ಬೊಜ್ಜಕ್ಕೆ ಮೊದಲೇ ಒಂದು ದಿನ ಹೋಗಿ ಕೇಳಿದೆ. ಹೇಳಿದರು.”

“ಗೊತ್ತಿದ್ದೂ ಊರಿಗೆಲ್ಲ ಹಾಗೆ ಹೇಳಿಕೊಂಡು ತಿರುಗಿದಿರಾ ಭಾವ?”

“ನಿನಗೆ ಗೊತ್ತಾಗಬಾರದು ಅಂತ. ಅಕ್ಕನನ್ನು ಕೊಂದವನ ಮನೆಗೆ ನೀನು ಮತ್ತೆ ಬರ್ತೀಯಾ? ನನಗೆ ಬೇರೆ ಯಾರುಂಟು ಹೇಳು.”

ಕಿಟಕಿಯ ಆಚೆ ಏನೂ ಕಾಣದಾಯಿತು, ಕಣ್ಣು ತುಂಬಿತ್ತು. ಕಿವಿ ಮಂದದ ಮನುಷ್ಯ, ಗಟ್ಟಿಯಾಗಿಯೇ ಹೇಳಬೇಕು. ಬಸ್ಸಿನವರೆಲ್ಲ ಕೇಳಿದರೆ ಕೇಳಲಿ ಎಂದು ಹೇಳಿದೆ: “ನನಗೂ ಅವತ್ತೇ ಗೊತ್ತಿತ್ತು. ನೀವು ಚಹಾಕ್ಕೆ ಹೋದಾಗಲೇ ಡಾಕ್ಟ್ರು ಹೇಳಿದ್ದರು.”

ಭಾವ ನನ್ನ ತುಟಿಯನ್ನೇ ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಹೊರಟೆ. ಕೇಳಿಸಿತ್ತು. ಕಟಪಾಡಿಯಲ್ಲಿ ಬಸ್ಸು ನಿಂತಿತು, ಜನ ಇಳಿದರು, ಜನ ಹತ್ತಿದರು. ಮತ್ತೆ ಬಸ್ಸು ಹೊರಟ ಮೇಲೆ ಅವರು ಕೇಳಿದರು.

“ಗೊತ್ತಿದ್ದೂ ಪ್ರತಿ ಭಾನುವಾರ ಬರ್ತಿದ್ದೆಯಾ ಶರ್ಮಿಳಾ?”